ಜಾಮ್ ಆಗಿರುವ ಹಳೆಯ ಪವರ್ ಟಿಲ್ಲರ್: ಮನೆಯಲ್ಲೇ ಸರಿಪಡಿಸಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಗದ್ದೆ ಉಳುಮೆಗೂ, ತೋಟಕ್ಕೆ ಗೊಬ್ಬರ ಮತ್ತು ಸೊಪ್ಪು ಸಾಗಿಸಲಿಕ್ಕೂ ಬಳಸುತ್ತಿದ್ದ 12 ಅಶ್ವಶಕ್ತಿಯ ಡೀಸೆಲ್ ಟಿಲ್ಲರ್ ಹಲವು ಮಳೆಗಾಲಗಳಿಂದ ಕೊಟ್ಟಿಗೆಯ ಪಕ್ಕದ ಸೋಗೆಯ ಮಾಡಿನ ಕೆಳಗೆ ನಿಂತಿದೆ. ನೀರಿನಿಂದ ತಂಪಾಗುವ, ಅಡ್ಡಲಾಗಿ ಮಲಗಿದ ಒಂಟಿ ಸಿಲಿಂಡರಿನ ಎಂಜಿನ್ ಅದು. ಹ್ಯಾಂಡಲ್ ಹಾಕಿದರೆ ಫ್ಲೈವೀಲ್ ಕಿಂಚಿತ್ತೂ ಅಲುಗುವುದಿಲ್ಲ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ, ಆದರೆ ಕೊಡಲು ಮನಸ್ಸಿಲ್ಲ. ಸ್ಪ್ಯಾನರ್ ಸೆಟ್, ಬೆಂಚ್ ವೈಸ್, ಗ್ರೈಂಡರ್, ಚೈನ್ ಪುಲ್ಲಿ ಮನೆಯಲ್ಲಿವೆ. ಹೆಡ್ ಬಿಚ್ಚಿ ಪಿಸ್ಟನ್‌ಗೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಬಿಡುತ್ತದೆ ಎಂದು ಊರಿನವರೊಬ್ಬರು ಹೇಳಿದರು. ಅದು ಸರಿಯೇ? ಮಳೆ ಹಿಡಿಯುವ ಮೊದಲು ಬಣ್ಣವನ್ನೂ ಹೊಡೆದು ಮುಗಿಸಬಹುದೇ?

ಉತ್ತರ 1 (ಸಿದ್ದಾಪುರ)

ದಯವಿಟ್ಟು ಸುತ್ತಿಗೆಯ ದಾರಿ ಹಿಡಿಯಬೇಡಿ. ಪಿಸ್ಟನ್ ಅಲ್ಯೂಮಿನಿಯಂನದು, ಒಂದೆರಡು ಏಟಿಗೇ ಬಿರುಕು ಬಿಡಬಹುದು, ರಿಂಗ್ ಕೂರುವ ತೋಡು ಮುರಿಯಬಹುದು.

ಮೊದಲು ನೀರು ಎಲ್ಲಿಂದ ಹೋಗಿದೆ ಎಂಬುದನ್ನು ತಿಳಿದುಕೊಳ್ಳಿ. ಎಂಜಿನ್ ಆಯಿಲಿನ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ನಿಧಾನವಾಗಿ ಸಡಿಲಿಸಿ. ನೀರು ಆಯಿಲಿಗಿಂತ ಭಾರವಾದ್ದರಿಂದ, ಒಳಗೆ ನೀರಿದ್ದರೆ ಅದೇ ಮೊದಲು ಹೊರಬರುತ್ತದೆ. ಹಾಗೆ ನೀರು ಬಂದರೆ ಹೆಡ್ ಗ್ಯಾಸ್ಕೆಟ್ಟನ್ನೂ ಲೈನರಿನ (ಪಿಸ್ಟನ್ ಓಡಾಡುವ ಕೊಳವೆಯ) ಕೆಳಗಿನ ರಬ್ಬರ್ ರಿಂಗುಗಳನ್ನೂ ಅನುಮಾನಿಸಬೇಕು. ಸೈಲೆನ್ಸರಿನ ಬಾಯಿಗೆ ಗರಟೆಯನ್ನೋ ಹಳೆಯ ಡಬ್ಬಿಯನ್ನೋ ಮುಚ್ಚಿಡದೆ ಇದ್ದರೂ ತೊಂದರೆಯೇ. ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಮಳೆನೀರು ನೇರವಾಗಿ ಸಿಲಿಂಡರಿಗೆ ಇಳಿದು, ರಿಂಗುಗಳು ಲೈನರಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ.

ಮಲಗಿದ ಎಂಜಿನ್‌ನಲ್ಲಿ ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ. ಡೀಸೆಲ್ ಸಿಂಪಡಿಸುವ ನೋಝಲ್ ತೆಗೆದು ಆ ತೂತಿನಿಂದ ಎಣ್ಣೆ ಬಿಟ್ಟರೆ, ಅದು ಲೈನರಿನ ಕೆಳಭಾಗದಲ್ಲಷ್ಟೇ ನಿಲ್ಲುತ್ತದೆ, ಮೇಲ್ಭಾಗದ ತುಕ್ಕು ಒಣಗಿದಂತೆಯೇ ಉಳಿಯುತ್ತದೆ. ಆದ್ದರಿಂದ ಡೀಸೆಲ್, ಆಯಿಲ್, ನೀರು ಎಲ್ಲವನ್ನೂ ಬಸಿದು, ಎಂಜಿನ್ನನ್ನು ಚಾಸಿಯಿಂದ ಇಳಿಸಿ, ಚೈನ್ ಪುಲ್ಲಿಯ ಸಹಾಯದಿಂದ ಹೆಡ್ ಮೇಲ್ಮುಖವಾಗುವಂತೆ ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿ. ಆಗ ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆಯಾದ ಎಟಿಎಫ್ ಬೆರೆಸಿ ಬಿಟ್ಟರೆ ಪಿಸ್ಟನ್ನಿನ ಸುತ್ತಲೂ ಸಮನಾಗಿ ಇಳಿಯುತ್ತದೆ. ಎಂಟು-ಹತ್ತು ದಿನ ಹಾಗೆಯೇ ಬಿಡಿ. ಬಳಿಕ ಫ್ಲೈವೀಲನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒತ್ತಿ ನೋಡಿ. ಒಂದು ಬೆರಳಿನಷ್ಟು ಅಲುಗಿದರೂ ಒಮ್ಮೆಲೇ ಸುತ್ತು ತಿರುಗಿಸಲು ಹೋಗದೆ, ಮತ್ತೆ ಎಣ್ಣೆ ಬಿಟ್ಟು ಆ ಅಲುಗಾಟವನ್ನೇ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಿ. ಪಿಸ್ಟನ್ ಬಿಟ್ಟುಕೊಂಡ ಮೇಲೂ ಹೆಡ್ ಬಿಚ್ಚಿ ಲೈನರ್ ನೋಡುವುದು ಅಗತ್ಯ. ಉಗುರಿಗೆ ಸಿಗುವಷ್ಟು ಕುಳಿಗಳಿದ್ದರೆ ಲೈನರ್, ಪಿಸ್ಟನ್, ರಿಂಗ್ ಬದಲಿಸಲೇಬೇಕು.

ಉತ್ತರ 2 (ಕುಮಟಾ)

ಎಂಜಿನ್ ವಿಷಯದಲ್ಲಿ ಸಿದ್ದಾಪುರದವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಬಣ್ಣಕ್ಕೆ ಮಾತ್ರ ಅವಸರ ಮಾಡಬೇಡಿ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಉಜ್ಜಿ ಹೊಳಪಿಸಿದ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗುತ್ತದೆ, ಅದರ ಮೇಲೆ ಹೊಡೆದ ಬಣ್ಣ ಹೊಪ್ಪಳೆ ಏಳುತ್ತದೆ. ದೀಪಾವಳಿ ಕಳೆದ ನಂತರದ ಒಣ ಬಿಸಿಲಿನಲ್ಲಿ ಉಜ್ಜಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯುವುದು ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯ ಕಾಟವೂ ಇರುವುದರಿಂದ ಪ್ರೈಮರಿಗೆ ಮೊದಲು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇವೆ. ಬಣ್ಣದ ಕೆಳಗೆ ಉಪ್ಪು ಉಳಿದರೆ ಅದು ತೇವವನ್ನು ಎಳೆದುಕೊಳ್ಳುತ್ತದೆ.

ಬೋಲ್ಟು, ಬ್ರಾಕೆಟ್‌ಗಳಂತಹ ಕಬ್ಬಿಣದ ಸಣ್ಣ ಭಾಗಗಳ ತುಕ್ಕನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಬಟ್ಟೆ ಸೋಡಾದ ನೀರು ಮತ್ತು ಬ್ಯಾಟರಿ ಚಾರ್ಜರ್ ಬಳಸಿ ತೆಗೆಯಬಹುದು. ತುಕ್ಕು ಹಿಡಿದ ಭಾಗಕ್ಕೆ ಋಣ ತಂತಿ, ಬೇಡದ ಕಬ್ಬಿಣದ ಸರಳಿಗೆ ಧನ ತಂತಿ. ಸರಳಿನ ಬದಲು ಸ್ಟೀಲ್ ಚಮಚವನ್ನಾಗಲೀ ತಟ್ಟೆಯನ್ನಾಗಲೀ ಖಂಡಿತ ಬಳಸಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಗುಳ್ಳೆಯಾಗಿ ಏಳುವ ಜಲಜನಕ ಬೆಂಕಿ ಹಿಡಿಯುವಂಥದ್ದು. ಈ ಕೆಲಸ ಅಂಗಳದಲ್ಲೇ ಆಗಲಿ. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಡ್ರೈನ್ ಬೋಲ್ಟ್ ಸಡಿಲಿಸಿದೆ. ನೀರು ಬರಲಿಲ್ಲ, ಕಪ್ಪು ಆಯಿಲ್ ಮಾತ್ರ ಬಂತು. ಆದರೆ ಸೈಲೆನ್ಸರ್ ಕಳಚಿ ಬಗ್ಗಿಸಿದಾಗ ತುಕ್ಕಿನ ನೀರು ಸುರಿಯಿತು. ಎಂಜಿನ್ ಇಳಿಸಿ, ನಿಲ್ಲಿಸಿ, ಎಣ್ಣೆ ಬಿಟ್ಟಿದ್ದೇನೆ. ಮುಂದೆ ಸ್ಟಾರ್ಟ್ ಮಾಡುವ ಹಂತದಲ್ಲಿ ಏನನ್ನು ಗಮನಿಸಬೇಕು?

ಉತ್ತರ 3 (ಯಲ್ಲಾಪುರ)

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಪಂಪಿನಲ್ಲಿ ಡೀಸೆಲ್ ಪ್ರಮಾಣವನ್ನು ಹೆಚ್ಚು-ಕಡಿಮೆ ಮಾಡುವ ಸರಳಾದ ರ‍್ಯಾಕ್ ಸಲೀಸಾಗಿ ಹಿಂದೆ-ಮುಂದೆ ಸರಿಯುತ್ತದೆಯೇ ಎಂದು ನೋಡಲೇಬೇಕು. ಬಹುಕಾಲ ನಿಂತ ಪಂಪಿನಲ್ಲಿ ಹಳೆಯ ಡೀಸೆಲ್ ಅಂಟಾಗಿ, ರ‍್ಯಾಕ್ ಪೂರ್ತಿ ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡಿದ್ದರೆ, ಎಂಜಿನ್ ಹೊತ್ತಿಕೊಂಡ ಕೂಡಲೇ ವೇಗ ಏರುತ್ತ ಹೋಗುತ್ತದೆ, ಆಕ್ಸಿಲರೇಟರ್ ಇಳಿಸಿದರೂ ನಿಲ್ಲುವುದಿಲ್ಲ. ಆ ಕಾರಣಕ್ಕೆ ಏರ್ ಕ್ಲೀನರ್ ಕಳಚಿಟ್ಟು, ಗಾಳಿ ಎಳೆಯುವ ಬಾಯಿಯನ್ನು ಒಮ್ಮೆಲೇ ಮುಚ್ಚುವಂತಹ ದಪ್ಪ ಹಲಗೆಯೊಂದನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ. ಅಂಗೈಯಿಂದ ಮುಚ್ಚಲು ಹೋಗಬೇಡಿ.

ಸಿಲಿಂಡರಿನಲ್ಲಿ ಎಣ್ಣೆ ಉಳಿದಿರುವಾಗ ನೋಝಲ್ ಕೂರಿಸಿ ಜೋರಾಗಿ ಹ್ಯಾಂಡಲ್ ತಿರುಗಿಸಿದರೆ, ಎಣ್ಣೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ನೋಝಲ್ ಇಲ್ಲದೆಯೇ ಹತ್ತಾರು ಸುತ್ತು ತಿರುಗಿಸಿ ಎಲ್ಲವನ್ನೂ ಹೊರಹಾಕಿ. ನೋಝಲನ್ನು ಪಂಪ್ ರಿಪೇರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಅದರ ಸಿಂಪಡಿಕೆಯ ಮುಂದೆ ಬೆರಳು ಒಡ್ಡಬಾರದು, ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಟ್ಯಾಂಕ್ ತೊಳೆದು, ಹೊಸ ಫಿಲ್ಟರ್ ಹಾಕಿ, ಪೈಪಿನ ಗಾಳಿ ತೆಗೆದು, ಹೊಸ ಆಯಿಲ್ ಮತ್ತು ನೀರು ತುಂಬಿದ ಮೇಲೆ, ವಿ-ಬೆಲ್ಟುಗಳನ್ನು ಕಳಚಿಯೇ ಮೊದಲ ಸಲ ಸ್ಟಾರ್ಟ್ ಮಾಡಿ. ಗೇರ್ ಬಾಕ್ಸ್, ಸ್ಟೀರಿಂಗ್ ಕ್ಲಚ್ ಮತ್ತು ರೋಟರಿಯ ಕೆಲಸವನ್ನು ಎಂಜಿನ್ ಹದಕ್ಕೆ ಬಂದ ನಂತರ ನೋಡಿದರಾಯಿತು.