ಭಾರ ಹೊರೋದಾ, ಕಾಲು ಊರೋದಾ?

ಆಪರೇಷನ್ ಆದ ಕಾಲಿನ ಮೇಲೆ ಮೈಭಾರ ಬಿಡೋದಕ್ಕೆ ಡಾಕ್ಟ್ರು ವೆಯ್ಟ್ ಬೇರಿಂಗ್ ಅಂತಾರಲ್ಲ, ಅದಕ್ಕೆ ನಿಮ್ ಕಡೆ ಏನಂತಾರೆ? ಕೇಳೋಕೆ ಕಾರಣ ಇದೆ. ನನ್ ತಮ್ಮ ಕಬಡ್ಡಿ ಆಡೋವಾಗ ಮೊಣಕಾಲು ತಿರುಚ್ಕೊಂಡು ಮೆನಿಸ್ಕಸ್ (ಮೊಣಕಾಲ ಕೀಲೊಳಗಿನ ಮೆತ್ತೆಯಂಥ ಮೆದುಮೂಳೆ) ಹರೀತು, ಇಲ್ಲೇ ದಾವಣಗೆರೇಲಿ ಆಪರೇಷನ್ ಮಾಡಿ ಹೊಲಿದ್ರು. ಮನೆಗೆ ಕಳಿಸೋವಾಗ ಕೊಟ್ಟ ಚೀಟೀಲಿ "6 ವಾರ ಭಾರ ಹೊರಬಾರದು" ಅಂತಿತ್ತು. ಅವ್ವ ಅದನ್ನ ಓದಿ ಕನ್ನಡ ಬಲ್ಲೋರು ಹೆಂಗೆ ತಿಳ್ಕೋಬೇಕೋ ಹಂಗೇ ತಿಳ್ಕೊಂಡ್ಲು, ಕೊಡಪಾನ ಮುಟ್ಟಂಗಿಲ್ಲ, ಸಿಲಿಂಡರ್ ಎತ್ತಂಗಿಲ್ಲ, ಅಕ್ಕಿ ಚೀಲದ ಹತ್ರ ಸುಳಿಯಂಗಿಲ್ಲ. ಇವನು ಬರಿಗೈಲಿ ಅಂಗಳದ ತುಂಬಾ ಓಡಾಡ್ಕೊಂಡಿದ್ದ! ಮೊಣಕಾಲು ಊದ್ಕೊಂಡು ಫಿಸಿಯೋ ಹತ್ರ ಬೈಸ್ಕೊಂಡ ಮೇಲೇನೆ ಗೊತ್ತಾಗಿದ್ದು, ಚೀಟೀಲಿದ್ದ ಭಾರ ಅಂದ್ರೆ ಅವನ ಮೈಭಾರಾನೇ ಅಂತ. ಪುಣ್ಯಕ್ಕೆ ಹೊಲಿಗೆ ಬಿಟ್ಟಿಲ್ಲ.

ಪಕ್ಕದ್ಮನೆ ಅಣ್ಣ ಬೇರೆ, ನಂದೂ ಅದೇ ಆಪರೇಷನ್ನು, ನಾಲ್ಕೇ ದಿನಕ್ಕೆ ನಡೆದೆ ಅಂತ ಹುರಿದುಂಬಿಸಿದ್ರು. ಅವರದ್ದು ಹರಿದ ತುಂಡು ಕತ್ತರಿಸಿ ತೆಗೆದಿದ್ದು, ಕೂಡ್ಕೊಳ್ಳೋದೇನೂ ಇಲ್ಲ. ಹೊಲಿದಿದ್ದು ಕೂಡ್ಕೋಬೇಕು, ಅದರಲ್ಲೂ ಮೆನಿಸ್ಕಸ್ಸಿಗೆ ರಕ್ತ ಸಿಗೋದು ಹೊರಗಿನ ಅಂಚಲ್ಲಿ, ಒಳಗೆ ಹೋದಂಗೆ ಇಲ್ಲವೇ ಇಲ್ಲ. ಹರಿದ ರೀತಿ ನೋಡಿ ಕೆಲವರಿಗೆ ಕಾಲು ನೇರ ಹಿಡಿಯೋ ಬ್ರೇಸ್ ಹಾಕಿ ಬೇಗನೇ ನಡೆಸ್ತಾರಂತೆ, ಇವನಿಗೆ ಮಾತ್ರ ಬೇಡ ಅಂದಿದ್ರು.

ನನಗನ್ಸೋದು, "ಹೊರು" ಇಲ್ಲಿಗೆ ಸಲ್ಲಲ್ಲ. "ಕಾಲು ಊರಬೇಡ" ಅಂದಿದ್ರೆ ಅವ್ವ ಒಂದೇ ಸಲಕ್ಕೆ ಹಿಡಿದು ಕೂರಿಸ್ತಿದ್ಲು. ಕೈಗೆ ಕೊಟ್ಟಿದ್ದೇ ಊರುಗೋಲು, ಆ ಪದದೊಳಗೇ ಊರು ಇದೆ, ಚೀಟಿ ಬರೆದೋರಿಗೆ ಕಾಣ್ಲಿಲ್ಲ ನೋಡ್ರಿ. (ಚೀಟೀಲಿ ಮೊಣಕಾಲಿಗೆ "ಮಂಡಿ" ಅಂತಿತ್ತು, ನಮ್ಮೂರಲ್ಲಿ ಮಂಡಿ ಅಂದ್ರೆ ಮೊದಲು ನೆನಪಾಗೋದು ಮಂಡಿಪೇಟೆ, ಅದಿರ್ಲಿ.)

ಆಮೇಲಿನ ಹಂತ ಟೋ ಟಚ್, ಅಂದ್ರೆ ಭಾರ ಬಿಡದೆ ಕಾಲು ನೆಲಕ್ಕೆ ಮುಟ್ಟಿಸೋದಷ್ಟೇ. ಅದನ್ನ "ತುದಿಗಾಲು" ಅಂದ್ರೆ ಪೂರ್ತಿ ಉಲ್ಟಾ, ತುದಿಗಾಲಲ್ಲಿ ನಿಂತ್ರೆ ಇಡೀ ಮೈ ಬೆರಳ ಮೇಲೇ ಬೀಳುತ್ತೆ. ಫಿಸಿಯೋ ಹೇಳಿದ್ದು ಚೆನ್ನಾಗಿತ್ತು, ಪಾದದಡಿ ಹಪ್ಪಳ ಐತಿ ಅನ್ಕೋ, ಮುರೀಬಾರ್ದು ಅಂತ. ಅದಕ್ಕೆ "ಸೋಕಿಸು" ಸರಿಹೋಗುತ್ತೆ: ಕಾಲು ಸೋಕಿಸು, ಊರಬೇಡ. ನೋವು ತಾಳೋಷ್ಟು ಅನ್ನೋ ಹಂತಕ್ಕೆ "ತಾಳಿದಷ್ಟು ಊರು" ಸಾಕು.

ಸಿಕ್ಕಾಕೊಂಡಿರೋದು ಪಾರ್ಷಿಯಲ್ ಹತ್ರ, ಅಂದ್ರೆ ಮೈಭಾರದಲ್ಲಿ ಒಂದು ಪಾಲು ಮಾತ್ರ ಆ ಕಾಲಿನ ಮೇಲೆ ಬಿಡೋ ಹಂತ. ತೂಕದ ಮಷೀನ್ ಮೇಲೆ ಆ ಕಾಲಿಟ್ಟು ಒತ್ತಿ ನೋಡ್ಕೊಳ್ಳೋದು, 60 ಕೆಜಿ ಆಳಿಗೆ ಅರ್ಧ ಅಂದ್ರೆ 30 ದಾಟಬಾರದು. "ಅರೆ ಊರು" ಅಂದ್ರೆ ಅರ್ಧ ಪಾದ ಮಾತ್ರ ಇಡು ಅಂತಾಗುತ್ತೆ, "ಅರೆಭಾರ" ಅಂದ್ರೆ ಅವ್ವ ಮತ್ತೆ ಅರ್ಧ ಕೊಡಪಾನ ಹೊರಿಸ್ತಾಳೆ. ಹೊನ್ನಾಳಿ, ಹಿರಿಯೂರು ಕಡೆಯೋರು ಯಾರಾದ್ರೂ ಇದ್ರೆ, ಕುಂಟೋ ಎತ್ತು ಒಂದು ಕಾಲು ಹಗುರಾಗಿ ಇಡುತ್ತಲ್ಲ, ಅದಕ್ಕೆ ಏನಂತೀರಿ?