ಪ್ರಶ್ನೋತ್ತರ: ಘಾಟಿನ ತಿರುವಿನಲ್ಲಿ ಡ್ರಿಫ್ಟ್ ಮಾಡಿದರೆ ಬೇಗ ಹೋಗಬಹುದಾ?

(ಈ ವಾರ ಉತ್ತರ ಕೊಡುವವರು ಪುಣೆಯ ಭೋಸರಿಯಲ್ಲಿ ಟೈರ್ ಮತ್ತು ಅಲೈನ್‌ಮೆಂಟ್ ಅಂಗಡಿ ಇಟ್ಟಿರುವ ನಮ್ಮ ಗುಂಪಿನ ಅಣ್ಣ. ಮೊದಲು ರ್‍ಯಾಲಿ ಕಾರುಗಳ ಸರ್ವಿಸ್ ಟೀಮಿನಲ್ಲಿದ್ದವರು.)

ಪ್ರಶ್ನೆ, ವಾಕಡ್‌ನಿಂದ: ಅಣ್ಣಾ, ನಮಸ್ಕಾರ. ನಾನು ಗದಗದ ಕಡೆಯವನು. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡೆ. ತಿರುವಿನಲ್ಲಿ ಡ್ರಿಫ್ಟ್ ಮಾಡಿದರೇ ಬೇಗ ಹೋಗೋದು ಅಂತ ನನ್ನ ರೂಮ್‌ಮೇಟ್ ವಾದ. ಗೇಮ್ ಆಡಿ ಕಲಿತ ಜ್ಞಾನ. ಭಾನುವಾರ ತಾಮ್ಹಿಣಿ ಘಾಟಿನಲ್ಲಿ ಮಳೆ ಇತ್ತು. ಒಂದು ಎಡ ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಎದುರಿನ ಲೇನಿಗೆ ನುಗ್ಗಿತು. ಎದುರು ಗಾಡಿ ಇರಲಿಲ್ಲ, ಬಚಾವಾದೆವು. "ನೋಡು, ಇದೇ ಡ್ರಿಫ್ಟ್" ಅಂದ ಇವನು. ಹೌದಾ?

ಉತ್ತರ: ಅಲ್ಲ ತಮ್ಮಾ. ಅದು ಡ್ರಿಫ್ಟ್ ಅಲ್ಲ, ಅಂಡರ್‌ಸ್ಟಿಯರ್. ಮುಂದಿನ ಟೈರು ಹಿಡಿತ ಬಿಟ್ಟು ಕಾರು ನೆಟ್ಟಗೆ ಹೋಗುವುದು. ಡ್ರಿಫ್ಟ್ ಅಂದರೆ ಹಿಂದಿನ ಟೈರು ಬೇಕಂತಲೇ ಜಾರಬೇಕು, ಆ ಜಾರಿಕೆಯನ್ನು ಆಕ್ಸಿಲರೇಟರ್ ಮತ್ತು ಸ್ಟೀರಿಂಗ್‌ನಿಂದ ತಿರುವು ಮುಗಿಯುವವರೆಗೂ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಇಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಗಾಡಿ ಬೇಕು. ನಿಮ್ಮ ಸ್ವಿಫ್ಟ್ ಎಳೆಯುವುದು ಮುಂದಿನ ಚಕ್ರದಿಂದ. ಜಪಾನಿನ ಡ್ರಿಫ್ಟ್ ಹುಡುಗರ ಮೆಚ್ಚಿನ ಹಳೇ ಟೊಯೋಟಾ ಎಇ86 ಹಿಂದಿನ ಚಕ್ರದ್ದು.

ಈಗ ಬೇಗದ ಮಾತು. ಟೈರು ರಸ್ತೆಗೆ ತಾಗುವುದು ಒಂದೊಂದು ಚಕ್ರಕ್ಕೆ ನಿಮ್ಮ ಅಂಗೈ ಅಗಲ, ಅಷ್ಟೇ. ಬ್ರೇಕು, ತಿರುವು, ಎಳೆತ, ಮೂರಕ್ಕೂ ಅದೇ ಅಂಗೈಯಿಂದ ಕೊಡಬೇಕು. ನೂರು ರೂಪಾಯಿ ಹಿಡಿದು ತರಕಾರಿ ಮಾರ್ಕೆಟ್ಟಿಗೆ ಹೋದ ಹಾಗೆ. ಆದರೆ ಇಲ್ಲಿನ ಲೆಕ್ಕ ಸ್ವಲ್ಪ ಉದಾರ. 70 ಬ್ರೇಕಿಗೆ ಹಾಕಿದರೂ ತಿರುವಿಗೆ ಉಳಿಯುವುದು 30 ಅಲ್ಲ, ಸುಮಾರು 70. ಅದಕ್ಕೇ ರೇಸಿನವರು ಬ್ರೇಕನ್ನು ನಿಧಾನ ಬಿಡುತ್ತಾ ತಿರುವಿನ ಒಳಗೆ ಹೋಗುತ್ತಾರೆ. ಪೂರ್ತಿ ನೂರೂ ಬ್ರೇಕಿಗೇ ಸುರಿದರೆ ಮಾತ್ರ ತಿರುವಿಗೆ ಸೊನ್ನೆ.

ಟೈರು ಸ್ವಲ್ಪವೂ ಜಾರದೆ ತಿರುಗುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಚಕ್ರ ನೋಡುವ ದಿಕ್ಕು ಮತ್ತು ಅದು ನಿಜವಾಗಿ ಹೋಗುವ ದಿಕ್ಕಿನ ನಡುವೆ ಸಣ್ಣ ಕೋನ ಇದ್ದೇ ಇರುತ್ತದೆ. ಸ್ಲಿಪ್ ಆಂಗಲ್ ಅನ್ನುತ್ತಾರೆ. ನಮ್ಮ ರಸ್ತೆ ಟೈರುಗಳಿಗೆ ಹೆಚ್ಚುಕಮ್ಮಿ 6ರಿಂದ 10 ಡಿಗ್ರಿಯಲ್ಲಿ ಹಿಡಿತ ಅತಿ ಜಾಸ್ತಿ. ಗ್ರಿಪ್ ಡ್ರೈವಿಂಗ್ ಅಂದರೆ ಆ ತುದಿಯ ಮೇಲೆ ನಿಲ್ಲುವುದು. ಡ್ರಿಫ್ಟ್ ಅದನ್ನು ದಾಟಿ ಎಷ್ಟೋ ದೂರ ಹೋಗುತ್ತದೆ. ಅಲ್ಲಿ ಹಿಡಿತ ಕಮ್ಮಿ, ಮುಂದೆ ಓಡಬೇಕಾದ ಶಕ್ತಿ ಟೈರು ಸುಟ್ಟು ಹೊಗೆಯಾಗುತ್ತದೆ. ಹಾಗಾಗಿ ಡಾಂಬರಿನ ಮೇಲೆ ಡ್ರಿಫ್ಟ್ ನಿಧಾನವೇ. ಡ್ರಿಫ್ಟ್ ಸ್ಪರ್ಧೆಗಳಲ್ಲೂ ಅಷ್ಟೇ, ಜಪಾನಿನ ಡಿ1 ಗ್ರ್ಯಾಂಡ್ ಪ್ರಿ ಇರಲಿ, ಅಮೆರಿಕದಲ್ಲಿ 2004ರಿಂದ ನಡೆಯುವ ಫಾರ್ಮುಲಾ ಡ್ರಿಫ್ಟ್ ಇರಲಿ, ಯಾರು ಮೊದಲು ಮುಗಿಸಿದರು ಅಂತ ನೋಡುವುದಿಲ್ಲ. ಕಾರು ಹಿಡಿದ ದಾರಿ, ಅಡ್ಡ ತಿರುಗಿದ ಕೋನ, ಶೈಲಿ ನೋಡಿ ಅಂಕ ಕೊಡುತ್ತಾರೆ. ರೂಮ್‌ಮೇಟ್‌ಗೆ ಇದೊಂದು ಹೇಳಿ ಸಾಕು.

ಪ್ರಶ್ನೆ, ಪಿಂಪ್ರಿಯಿಂದ: ಹಾಗಾದರೆ ರ್‍ಯಾಲಿಯವರು ಯಾಕೆ ಅಡ್ಡಡ್ಡ ಹೋಗುತ್ತಾರೆ ಸರ್? ಅವರಿಗೆ ಟೈಮೇ ಮುಖ್ಯ ಅಲ್ವಾ?

ಉತ್ತರ: ಒಳ್ಳೇ ಪಾಯಿಂಟ್ ಹಿಡಿದಿರಿ. ಮಣ್ಣು, ಜಲ್ಲಿಯ ಮೇಲೆ ಲೆಕ್ಕವೇ ಬೇರೆ. ಜಾರುವ ಟೈರು ಜಲ್ಲಿಯನ್ನು ತಳ್ಳಿ ತನ್ನ ಪಕ್ಕದಲ್ಲಿ ಸಣ್ಣ ಬದು ಕಟ್ಟಿಕೊಳ್ಳುತ್ತದೆ, ಅದಕ್ಕೇ ಒರಗಿ ತಿರುಗುತ್ತದೆ. ಅಲ್ಲದೆ ಜಾರುವ ನೆಲದಲ್ಲಿ ಮೂತಿಯನ್ನು ಮೊದಲೇ ತಿರುವಿನ ಆಚೆಗೆ ತೋರಿಸಿಟ್ಟುಕೊಂಡರೆ ಹೊರಗೆ ಬರುವಾಗ ಆಕ್ಸಿಲರೇಟರ್ ಬೇಗ ಒತ್ತಬಹುದು. ಅದೇ ಚಾಲಕ ಡಾಂಬರು ರ್‍ಯಾಲಿಗೆ ಬಂದರೆ ಆದಷ್ಟು ನೇರ ಓಡಿಸುತ್ತಾನೆ.

ಡ್ರಿಫ್ಟ್ ಹುಟ್ಟಿದ್ದೂ ಸುಮ್ನೆ ಆಟಕ್ಕಲ್ಲ. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಕಾಹಾಶಿ ರೇಸಿನಲ್ಲೇ ಕಾರು ಅಡ್ಡ ಹಾಕಿ ತಿರುಗಿಸುತ್ತಿದ್ದರು. ಆಗಿನ ಟೈರು ತುದಿ ದಾಟಿದರೂ ತಟ್ಟನೆ ಕೈಬಿಡುತ್ತಿರಲಿಲ್ಲ, ಜಾರಿದರೆ ಆಗುವ ನಷ್ಟ ಕಮ್ಮಿ. ಅವರನ್ನು ನೋಡಿ ಕೇಯಿಚಿ ತ್ಸುಚಿಯಾ ಅದನ್ನೇ ಬೆಟ್ಟದ ರಸ್ತೆಗೆ ತಂದು ಹೆಸರು ಮಾಡಿದರು. ಟೈರು ಸುಧಾರಿಸಿದ ಹಾಗೆ ರೇಸಿಗೆ ಅದು ಬೇಡವಾಯಿತು, ನೋಡುವವರಿಗೆ ಬೇಕಾಯಿತು.

ಪ್ರಶ್ನೆ, ಕೋಥರೂಡ್‌ನಿಂದ: ನನ್ನ ಮಗ ರಾತ್ರಿ ಸೊಸೈಟಿಯ ಖಾಲಿ ಪಾರ್ಕಿಂಗ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಐ20 ತಿರುಗಿಸುತ್ತಾನೆ. ಬೈದರೆ "ಅಮ್ಮಾ, ಕಂಟ್ರೋಲ್ ಕಲೀತಿದೀನಿ" ಅನ್ನುತ್ತಾನೆ. ಏನು ಹೇಳಲಿ?

ಉತ್ತರ: ಅಕ್ಕಾ, ಅದರಲ್ಲಿ ಕಂಟ್ರೋಲ್ ಏನೂ ಇಲ್ಲ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರವನ್ನು ಬಿಗಿದು ನಿಲ್ಲಿಸುತ್ತದೆ, ಗಾಡಿ ಬಾಲ ಬೀಸುತ್ತದೆ, ವೇಗ ಸತ್ತ ಕೂಡಲೇ ಆಟ ಮುಗಿಯುತ್ತದೆ. ಮಧ್ಯೆ ಯಾರಾದರೂ ಬಂದರೆ ಅವನ ಕೈಯಲ್ಲಿ ಏನೂ ಇಲ್ಲ. ಒಂದೇ ಜಾಗ ಉಜ್ಜಿ ಟೈರು ಚಪ್ಪಟೆಯಾಗುತ್ತದೆ, ಆಮೇಲೆ 60ರ ಮೇಲೆ ಹಿಂದಿನಿಂದ ಗುರ್ ಅಂತ ಸದ್ದು. ಅಂಥ ಟೈರು ನನ್ನ ಅಂಗಡಿಗೆ ಬಂದರೆ ನಾನು ಮೊದಲು ಕೇಳುವುದೇ "ಮನೆಯಲ್ಲಿ ಹುಡುಗ ಇದ್ದಾನಾ?" ಅಂತ. ರಸ್ತೆಯಲ್ಲಿ ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಮೊದಲ ಸಲವೇ ಜೈಲಾಗಬಹುದು. ನಿಜವಾಗಿ ಆಸೆ ಇದ್ದರೆ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ತರಬೇತಿಗೆ ಹೋಗಲಿ. ಅಲ್ಲಿ ಮೊದಲು ಕಲಿಸುವುದು ಗ್ರಿಪ್. ಅದು ಬಾರದೆ ಇದು ಬರುವುದಿಲ್ಲ.

ಪ್ರಶ್ನೆ, ಹಡಪ್ಸರ್‌ನಿಂದ: ನಮ್ಮಪ್ಪನ ಹಳೇ ಓಮ್ನಿ ಹುಬ್ಬಳ್ಳಿ ಮಳೆಯಲ್ಲಿ ತಾನೇ ಡ್ರಿಫ್ಟ್ ಮಾಡುತ್ತಿತ್ತು 😄

ಉತ್ತರ: ಮಾಡಿರುತ್ತದೆ! ಓಮ್ನಿ ಹಿಂದಿನ ಚಕ್ರದ ಗಾಡಿ. ಖಾಲಿ ಇದ್ದರೆ ಹಿಂದೆ ಭಾರವೂ ಇಲ್ಲ.

ವಾಕಡ್‌ನವರು ಮತ್ತೆ: ಅಣ್ಣಾ, ಇನ್ನೊಂದು ಸಲ ಹಾಗೆ ನೆಟ್ಟಗೆ ಹೋದರೆ ಏನು ಮಾಡಲಿ?

ಉತ್ತರ: ಗಾಬರಿಯಲ್ಲಿ ಇನ್ನೂ ಜಾಸ್ತಿ ತಿರುಗಿಸಿದಿರಿ ಅಲ್ವಾ? ಎಲ್ಲರೂ ಅದನ್ನೇ ಮಾಡುತ್ತಾರೆ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೀರಿಂಗ್ ಒಂಚೂರು ವಾಪಸ್ ಕೊಡಿ. ಭಾರ ಮುಂದಕ್ಕೆ ಬಂದು ಟೈರು ಮತ್ತೆ ಕಚ್ಚುತ್ತದೆ. ಹಿಂದಿನ ಭಾಗ ಜಾರಿದರೆ ಬೇರೆ ವಿಷಯ. ಹೋಗಬೇಕಾದ ಕಡೆ ನೋಡಿ, ಅತ್ತಲೇ ಸ್ಟೀರಿಂಗ್ ಕೊಡಿ, ಬ್ರೇಕ್ ಮುಟ್ಟಬೇಡಿ, ಆಕ್ಸಿಲರೇಟರಿನಿಂದ ಕಾಲು ತಟ್ಟನೆ ತೆಗೆಯಬೇಡಿ.

ಆದರೆ ನಿಜವಾದ ಔಷಧಿ ತಿರುವಿಗೆ ಮುಂಚೆಯೇ ಇದೆ. 30 ಮೀಟರ್ ತ್ರಿಜ್ಯದ ತಿರುವು ಅಂದುಕೊಳ್ಳಿ. ಒಳ್ಳೇ ಟೈರಿಗೆ ಒಣ ರಸ್ತೆಯಲ್ಲಿ ಸುಮಾರು 55 ಕಿ.ಮೀ. ವೇಗವೇ ಕೊನೆ. ಒದ್ದೆಯಲ್ಲಿ ಅದು ಹತ್ತಿರ ಹತ್ತಿರ 44. ಇನ್ನು 40ರಿಂದ 50ಕ್ಕೆ ಏರಿದರೆ ಟೈರಿನ ಮೇಲಿನ ಹೊರೆ ಒಂದೂವರೆ ಪಟ್ಟು ದಾಟುತ್ತದೆ, ಕಾಲು ಭಾಗ ಅಲ್ಲ. ನೀವು ಎಷ್ಟರಲ್ಲಿದ್ದಿರಿ ಅಂತ ನಾನು ಕೇಳುವುದಿಲ್ಲ. ಟೈರು ಹೇಗಿವೆ, ಅದು ಹೇಳಿ.

ವಾಕಡ್‌ನವರು: ಮುಂದಿನ ಎರಡು ಪೂರ್ತಿ ಸವೆದಿವೆ. ಹೊಸದು ಎರಡು ತಗೊಂಡು ಮುಂದೆ ಹಾಕಿಸೋಣ ಅಂತಿದ್ದೆ.

ಉತ್ತರ: ಸಿಕ್ಕಿತಲ್ಲ ಕಾರಣ! ಹೊಸದನ್ನು ಹಿಂದೆ ಹಾಕಿಸಿ. ಹಿಂದಿದ್ದುದು ಮುಂದೆ ಬರಲಿ. ಎಲ್ಲ ಅಂಗಡಿಯವರೂ ಉಲ್ಟಾ ಮಾಡುತ್ತಾರೆ, ಗಿರಾಕಿಯೂ ಅದನ್ನೇ ಕೇಳುತ್ತಾನೆ. ಮುಂದೆ ಜಾರಿದರೆ ನಿಧಾನ ಮಾಡಿ ಹಿಡಿದುಕೊಳ್ಳಬಹುದು. ಮಳೆಯಲ್ಲಿ ಹಿಂದೆ ಜಾರಿದರೆ ಆಗ ನಿಮ್ಮ ಸ್ವಿಫ್ಟ್ ಗಿರ್ರನೆ ತಿರುಗುತ್ತದೆ, ನೀವು ಕೇಳದಿದ್ದರೂ. ಈಗ ಹಿಂದಿರುವುದರಲ್ಲಿ ಗ್ರೂವ್ ಎಷ್ಟಿದೆ ಅಳೆಯಿರಿ. ಕಾನೂನು 1.6 ಮಿ.ಮೀ. ಸಾಕು ಅನ್ನುತ್ತದೆ, ಘಾಟಿನ ಮಳೆಗೆ 3ಕ್ಕಿಂತ ಕಮ್ಮಿ ಇದ್ದರೆ ನಾನು ಹಾಕಿಕೊಡುವುದಿಲ್ಲ. ಹಾಗಿದ್ದರೆ ನಾಲ್ಕೂ ಬದಲಿಸಿ. ಶನಿವಾರ ಬೆಳಿಗ್ಗೆ ಬನ್ನಿ, ಅಲೈನ್‌ಮೆಂಟೂ ನೋಡೋಣ. ರೂಮ್‌ಮೇಟನ್ನೂ ಕರೆತನ್ನಿ, ಟೈರು ಎತ್ತಲು ಒಬ್ಬರು ಬೇಕು.