ಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಎಂಎ, ಕನ್ನಡ ಮೀಡಿಯಂನವರಿಗೆ ಆಗುತ್ತಾ?

ಪಾಂಡವಪುರ ಲೋಕಲ್:
ಎಲ್ಲರಿಗೂ ನಮಸ್ಕಾರ. ಈ ವರ್ಷ ಬಿಎ ಮುಗಿಯಿತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಂವಹನ ಮತ್ತು ಪತ್ರಿಕೋದ್ಯಮ ಎಂಎ ಮಾಡುವ ಆಸೆ ಇದೆ. ಅಪ್ಪ ಬಿ.ಎಡ್ ಮಾಡಿ ಮೇಷ್ಟ್ರಾಗು ಅನ್ನುತ್ತಾರೆ. ಕಬ್ಬಿನ ದುಡ್ಡೇ ಕೈಗೆ ಬಂದಿಲ್ಲ, ಎರಡು ವರ್ಷ ಪೇಪರ್ ಓದೋಕೆ ಕಾಲೇಜಿಗೆ ಹೋಗಬೇಕಾ ಅನ್ನೋದು ಅವರ ಪ್ರಶ್ನೆ. ನನಗಿರುವ ಭಯ ಇಂಗ್ಲಿಷಿನದು. ಒಂದನೇ ಕ್ಲಾಸಿನಿಂದ ಕನ್ನಡ ಮೀಡಿಯಂ. ದಿನಾ ರೈಲಿನಲ್ಲಿ ಓಡಾಡಿ ಓದಬಹುದಾ? ಓದಿದವರು ಹೇಳಿ.

ಡೆಸ್ಕ್ ಅಕ್ಕ:
ತಮ್ಮಾ, ನಾನು ಮದ್ದೂರಿನವಳು. ಗಂಗೋತ್ರಿಯಲ್ಲೇ ಓದಿ ಈಗ ಮೈಸೂರಿನ ಒಂದು ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೇನೆ. ಥಿಯರಿ ಪುಸ್ತಕಗಳು ಜಾಸ್ತಿ ಇಂಗ್ಲಿಷಿನಲ್ಲೇ ಇವೆ, ಅದು ನಿಜ. ಆದರೆ ಒಳಗಿನ ವಿಷಯ ಅಂಥ ಕಷ್ಟದ್ದಲ್ಲ. ಅಜೆಂಡಾ ಸೆಟ್ಟಿಂಗ್ ಅಂತ ಒಂದು ಪಾಠ ಬರುತ್ತೆ. 1968ರ ಅಮೆರಿಕದ ಚುನಾವಣೆ ಹೊತ್ತಿನಲ್ಲಿ ಮೆಕೂಂಬ್ಸ್, ಶಾ ಅನ್ನೋ ಇಬ್ಬರು ಸಂಶೋಧಕರು ಮತದಾರರನ್ನು ಮಾತಾಡಿಸಿ, 1972ರಲ್ಲಿ ಅದನ್ನು ಪ್ರಕಟಿಸಿದರು. ಮಾಧ್ಯಮಗಳು ಯಾವುದನ್ನು ದೊಡ್ಡದು ಮಾಡುತ್ತವೋ ಜನರಿಗೂ ಅದೇ ದೊಡ್ಡ ವಿಷಯ ಅನ್ನಿಸುತ್ತದೆ ಅನ್ನೋದು ಅದರ ಸಾರ. ಕಾವೇರಿ ಗಲಾಟೆ ಟೈಮಿನಲ್ಲಿ ಮಂಡ್ಯದಲ್ಲಿ ಕೂತು ಟೀವಿ ನೋಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾ?

ಡೆಸ್ಕಿಗೆ ಬರುವ ಹೊಸಬರಲ್ಲಿ ನಾವು ನೋಡೋದೇ ಬೇರೆ. ಮಳೆಗಾಲದಲ್ಲಾದರೆ ಕೆಆರ್‌ಎಸ್ ಅಂಕಿಅಂಶ ಕೊಟ್ಟು ಸುದ್ದಿ ಬರೆಸುತ್ತೇವೆ. ‘ಜಲಾಶಯಕ್ಕೆ 30 ಸಾವಿರ ಟಿಎಂಸಿ ಒಳಹರಿವು’ ಅಂತ ಬರೆದುಕೊಡುತ್ತಾರೆ! ಕಟ್ಟೆ ಪೂರ್ತಿ ತುಂಬಿದರೂ ಹಿಡಿಯೋದು 49 ಟಿಎಂಸಿ ಚಿಲ್ಲರೆ. ಒಳಹರಿವಿನ ಲೆಕ್ಕ ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಅಂತ. ಸಂಗ್ರಹದ ಲೆಕ್ಕ ಟಿಎಂಸಿಯಲ್ಲಿ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತೆ. ಮಟ್ಟ ಹೇಳೋದು ಅಡಿಯಲ್ಲಿ, ಗರಿಷ್ಠ 124.80. ಇಷ್ಟನ್ನು ಕಲಸದೆ ನಾಲ್ಕು ಸಾಲು ನೆಟ್ಟಗೆ ಬರೆದುಕೊಟ್ಟವನ ಇಂಗ್ಲಿಷ್ ಹೇಗಿದೆ ಅಂತ ನಮ್ಮಲ್ಲಿ ಯಾರೂ ಕೇಳಲ್ಲ. ನಾಲೆ ನೀರಿನ ಊರಿನವನು ನೀನು, ನಿನಗೆ ಇದು ಬರಲೇಬೇಕು.

ಕ್ಯಾಮೆರಾ, ಎಡಿಟಿಂಗ್ ಇಷ್ಟ ಇದ್ದರೆ ಗಂಗೋತ್ರಿಯಲ್ಲೇ ಇಎಂಎಂಆರ್‌ಸಿ ಇದೆ. ಪಾಠದ ವಿಡಿಯೊಗಳನ್ನು ತಯಾರಿಸುವ ಕೇಂದ್ರ ಅದು. ಅಲ್ಲಿನವರ ಪರಿಚಯ ಮಾಡಿಕೋ.

ಯಾದವಗಿರಿ ಕಿವಿ:
ಅಕ್ಕನಿಗೆ ಪತ್ರಿಕೆ ಬಿಟ್ಟರೆ ಬೇರೆ ಲೋಕವೇ ಇಲ್ಲ 😄 ರೇಡಿಯೊನೂ ಯೋಚನೆ ಮಾಡಪ್ಪ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಕೇಂದ್ರ ಶುರು ಮಾಡಿ ‘ಆಕಾಶವಾಣಿ’ ಅನ್ನೋ ಹೆಸರಿನಲ್ಲಿ ನಡೆಸಿದ ಊರು ಮೈಸೂರು. ಓದುವಾಗಲೇ ಹಂಗಾಮಿ ಉದ್ಘೋಷಕರ ಧ್ವನಿ ಪರೀಕ್ಷೆ ಕರೆದರೆ ಹೋಗು. ಒಂದೇ ಎಚ್ಚರಿಕೆ, ನಮ್ಮ ಸೀಮೆಯ ನಾಲಿಗೆ. ‘ಹಾಸನಕ್ಕೆ ಹೋಗುವ’ ಅನ್ನೋದು ‘ಆಸನಕ್ಕೆ ಓಗುವ’ ಆದರೆ ಅಲ್ಲೇ ಔಟ್.

ಮಾಜಿ ಸ್ಟ್ರಿಂಗರ್:
ಯಾರೂ ದುಡ್ಡಿನ ಮಾತೇ ಎತ್ತಲಿಲ್ಲ. ನಾನು ಒಂದು ಪತ್ರಿಕೆಗೆ ತಾಲ್ಲೂಕು ಸುದ್ದಿ ಕಳಿಸುತ್ತಿದ್ದೆ. ಪೆಟ್ರೋಲ್ ಖರ್ಚೂ ಗಿಟ್ಟುತ್ತಿರಲಿಲ್ಲ. ಆಗಸ್ಟ್ 15, ರಾಜ್ಯೋತ್ಸವ ಬಂತು ಅಂದರೆ ಶುಭಾಶಯದ ಜಾಹೀರಾತಿಗೆ ಪಂಚಾಯಿತಿ ಬಾಗಿಲಲ್ಲಿ ನಿಲ್ಲಬೇಕು. ನಿನ್ನೆ ಯಾರ ವಿರುದ್ಧ ಬರೆದೆನೋ ಇವತ್ತು ಅವರ ಹತ್ತಿರವೇ ಕೈ ಚಾಚೋದು. ಆಮೇಲೆ ಎಂಎ ಮಾಡಿದೆ, ಈಗ ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿದ್ದೇನೆ. ಸಂಬಳ ತಿಂಗಳು ತಿಂಗಳು ಬರುತ್ತೆ. ನಿಮ್ಮಪ್ಪನಿಗೆ ಇಷ್ಟು ಹೇಳು: ಎಂಎ ಆಗಿ ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಪತ್ರಿಕೋದ್ಯಮದ ಮೇಷ್ಟ್ರಾಗುವ ಅರ್ಹತೆ ಬರುತ್ತೆ.

ಪಾಂಡವಪುರ ಲೋಕಲ್:
ಥ್ಯಾಂಕ್ಸ್ ಅಣ್ಣ. ಮೇಷ್ಟ್ರು ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಅಪ್ಪ ಸ್ವಲ್ಪ ಮೆತ್ತಗಾಗಿದ್ದಾರೆ. ಟಿಎಂಸಿ ಲೆಕ್ಕ ಅವರಿಗೆ ಬಾಯಿಪಾಠ ಬೇರೆ! ಅಕ್ಕಾ, ರೈಲಿನ ವಿಷಯ?

ಡೆಸ್ಕ್ ಅಕ್ಕ:
ಓಡಾಡಬಹುದು, ಪಾಸ್ ಮಾಡಿಸಿದರೆ ಖರ್ಚು ಕಮ್ಮಿ. ಆದರೆ ಕ್ಲಾಸ್ ಮುಗಿದ ತಕ್ಷಣ ಸ್ಟೇಷನ್ನಿಗೆ ಓಡುವವರಿಗೆ ಅರ್ಧ ಕೋರ್ಸ್ ತಪ್ಪಿಹೋಗುತ್ತೆ. ಪತ್ರಕರ್ತರ ಭವನದಲ್ಲಿ ಪತ್ರಿಕಾಗೋಷ್ಠಿ ಇದ್ದರೆ ಹಿಂದಿನ ಕುರ್ಚಿಯಲ್ಲಿ ಕೂತು ನೋಡು. ಸಂಜೆ ರಂಗಾಯಣಕ್ಕೆ ಹೋಗಿ ನಾಟಕದ ವರದಿ ಬರಿ. ಹಾಸ್ಟೆಲ್‌ಗೆ ಅರ್ಜಿ ಹಾಕು, ಸಿಗದಿದ್ದರೆ ರೈಲು ಹೇಗೂ ಇದೆ. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡೋಕೆ ಬರುತ್ತಾ? ಬರದಿದ್ದರೆ ಅಡ್ಮಿಷನ್ನಿಗೆ ಮುಂಚೆಯೇ ಕಲಿತುಬಿಡು.